ವಿಮಾನದ ಇಂಜಿನ್‌ಗೆ ಆಕಾಶದಲ್ಲಿ ಬೆಂಕಿ: ಹಾಕದೆ ಉಳಿದ ಚಿಲಕವೂ ಕಾರಣವಾಗಬಹುದೇ?

ಇಂಜಿನ್ ಹೊತ್ತಿ ಉರಿಯುವ ವಿಮಾನದ ವಿಡಿಯೊಗಳು ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಜೊತೆಗೆ "ಇದು ವಿಧ್ವಂಸಕ ಕೃತ್ಯ", "ಇನ್ನೇನು ವಿಮಾನ ಸ್ಫೋಟಿಸುತ್ತದೆ" ಎಂಬ ಸಾಲುಗಳೂ ಇರುತ್ತವೆ. ಹಕ್ಕಿ ಬಡಿತ, ಬಿಡಿಭಾಗದ ದೋಷ ಹೀಗೆ ಇಂಜಿನ್ ಬೆಂಕಿಗೆ ಕಾರಣಗಳು ಹಲವು. ನೆಲದ ಮೇಲೆ ನಡೆಯುವ ನಿರ್ವಹಣೆಯ ತಪ್ಪೂ ಅವುಗಳಲ್ಲಿ ಒಂದು. ಅದು ಹೇಗೆ ಎಂಬುದಕ್ಕೆ ಲಂಡನ್ನಿನ ಈ ಘಟನೆ ಒಳ್ಳೆಯ ಉದಾಹರಣೆ.

ನಡೆದದ್ದೇನು?

2013ರ ಮೇ 24ರ ಬೆಳಿಗ್ಗೆ ಬ್ರಿಟಿಷ್ ಏರ್‌ವೇಸ್‌ನ ಏರ್‌ಬಸ್ ಎ319 ವಿಮಾನ ಹೀಥ್ರೋದಿಂದ ಓಸ್ಲೋಗೆ ಹೊರಟಿತು. ಒಳಗಿದ್ದವರು 80 ಮಂದಿ. ನೆಲ ಬಿಡುವ ಹೊತ್ತಿಗೆ ಎರಡೂ ಇಂಜಿನ್‌ಗಳ ಹೊರಕವಚದ ಬಾಗಿಲುಗಳು ಕಿತ್ತು ಹಾರಿದವು. ಬಲಗಡೆಯ ಇಂಜಿನ್‌ನಲ್ಲಿ ಇಂಧನದ ಪೈಪ್ ತೂತಾಗಿ ಇಂಧನ ಸೋರಿತು. ವಿಮಾನ ಹೀಥ್ರೋಗೆ ಮರಳುತ್ತಿದ್ದಾಗ ಆ ಇಂಜಿನ್‌ಗೆ ಬೆಂಕಿ ಹತ್ತಿಕೊಂಡಿತು.

ತಪ್ಪು ಎಲ್ಲಾಯಿತು?

ಹಿಂದಿನ ರಾತ್ರಿ ಇಬ್ಬರು ತಂತ್ರಜ್ಞರು ಈ ವಿಮಾನದ ಕವಚಗಳನ್ನು ತೆರೆದು ಪರಿಶೀಲಿಸಿದ್ದರು. ಎಣ್ಣೆ ತುಂಬಬೇಕೆಂದು ಗೊತ್ತಾಗಿ, ಚಿಲಕ ಹಾಕದೆ, ಅದಕ್ಕೆ ಬೇಕಾದ ಉಪಕರಣ ತರಲು ಹೋದರು. ಆದರೆ ವಾಪಸ್ ಹೋದದ್ದು ಅಂಥದ್ದೇ ಇನ್ನೊಂದು ವಿಮಾನದ ಬಳಿಗೆ! ಅಲ್ಲಿ ಕವಚ ಮುಚ್ಚಿತ್ತು, ಎಣ್ಣೆಯೂ ಸಾಕಷ್ಟಿತ್ತು. ಮೊದಲ ವಿಮಾನ ಹಾಗೆಯೇ ಉಳಿಯಿತು.

ಈ ಚಿಲಕಗಳು ಇರುವುದು ಇಂಜಿನ್‌ನ ತಳದಲ್ಲಿ, ನೆಲಕ್ಕೆ ತೀರಾ ಹತ್ತಿರ. ಪೂರ್ತಿ ಬಗ್ಗಿ ನೋಡದಿದ್ದರೆ ಕಾಣಿಸುವುದಿಲ್ಲ. ಹೊರಡುವ ಮುನ್ನ ವಿಮಾನದ ಸುತ್ತ ನಡೆದು ನೋಡುವ ತಪಾಸಣೆಯಲ್ಲೂ ಇದು ಕಣ್ಣಿಗೆ ಬೀಳಲಿಲ್ಲ. ಬ್ರಿಟನ್ನಿನ ವಾಯು ಅಪಘಾತ ತನಿಖಾ ಸಂಸ್ಥೆ 2015ರಲ್ಲಿ ಕೊಟ್ಟ ವರದಿ ತಂತ್ರಜ್ಞರ ದಣಿವಿನ ವಿಷಯವನ್ನೂ ಎತ್ತಿತು.

ಹಾಗಾದರೆ ವಿಮಾನ ಸ್ಫೋಟಿಸಬೇಕಿತ್ತಲ್ಲವೇ?

ಇಲ್ಲ. ಇಂಜಿನ್ ಸುತ್ತ ಬೆಂಕಿ ಪತ್ತೆಹಚ್ಚುವ ಸಂವೇದಕಗಳಿರುತ್ತವೆ. ಎಚ್ಚರಿಕೆ ಬಂದ ಕೂಡಲೇ ಪೈಲಟ್ ಆ ಇಂಜಿನ್‌ಗೆ ಇಂಧನ ನಿಲ್ಲಿಸಿ, ಬೆಂಕಿ ನಂದಿಸುವ ಅನಿಲ ಬಿಡಬಹುದು. ಉಳಿದ ಒಂದೇ ಇಂಜಿನ್‌ನಲ್ಲಿ ವಿಮಾನ ಸುರಕ್ಷಿತವಾಗಿ ಹಾರಿ ಇಳಿಯಬಲ್ಲದು.

ಆದರೆ ಆ ಅನಿಲ ಕೆಲಸ ಮಾಡುವುದು ಮುಚ್ಚಿದ ಕವಚದೊಳಗೆ. ಇಲ್ಲಿ ಕವಚವೇ ಇರಲಿಲ್ಲ. ಹಾಗಾಗಿ ವಿಮಾನ ಇಳಿದ ಮೇಲೆ ಅಗ್ನಿಶಾಮಕ ಸಿಬ್ಬಂದಿಯೇ ಬೆಂಕಿ ಆರಿಸಬೇಕಾಯಿತು. ಅಷ್ಟಾದರೂ ಎಡಗಡೆಯ ಇಂಜಿನ್ ಕೈಕೊಡಲಿಲ್ಲ. ತುರ್ತು ಜಾರುಬಂಡಿಗಳ ಮೂಲಕ 80 ಮಂದಿಯೂ ಹೊರಬಂದು ಪಾರಾದರು.

ಮುಂದೇನಾಯಿತು?

ಈ ಬಗೆಯ ವಿಮಾನಗಳಲ್ಲಿ ಚಿಲಕ ಹಾಕದೆ ಹಾರಿದ ಘಟನೆಗಳು ಅದಕ್ಕೂ ಮೊದಲು ನಡೆದಿದ್ದವು. ನಂತರ ಏರ್‌ಬಸ್ ಹೊಸ ಚಿಲಕ ರೂಪಿಸಿತು. ಅದನ್ನು ತೆರೆಯಲು ಎದ್ದುಕಾಣುವ ಪಟ್ಟಿ ಕಟ್ಟಿದ ಕೀಲಿ ಬೇಕು. ಚಿಲಕ ಹಾಕುವ ತನಕ ಆ ಕೀಲಿ ಹೊರಗೆ ಬರುವುದಿಲ್ಲ. ಜನರಿಗೆ "ಹುಷಾರಾಗಿರಿ" ಎನ್ನುವುದಷ್ಟೇ ಸಾಲದು, ಮರೆತರೆ ಕಾಣುವಂತೆಯೂ ಮಾಡಬೇಕು ಎಂಬುದು ಇದರ ಹಿಂದಿನ ಯೋಚನೆ.

ನೀವೇನು ಮಾಡಬಹುದು?

ಕಿಟಕಿಯಿಂದ ಸೋರಿಕೆ, ಬೆಂಕಿ ಅಥವಾ ಅಲುಗಾಡುವ ಭಾಗ ಕಂಡರೆ ಮೊದಲು ಸಿಬ್ಬಂದಿಗೆ ಹೇಳಿ, ವಿಡಿಯೊ ಆಮೇಲೆ. ಇಳಿಯಲು ಸೂಚನೆ ಬಂದರೆ ಬ್ಯಾಗ್ ಬಿಟ್ಟು ಹೊರಡಿ. ಇಂಥ ವಿಡಿಯೊ ಫಾರ್ವರ್ಡ್ ಆಗಿ ಬಂದರೆ, ಯಾವ ವಿಮಾನ, ಯಾವ ದಿನ ಎಂದು ತಿಳಿಯುವ ತನಕ ಮುಂದೆ ಕಳುಹಿಸಬೇಡಿ.