ಬಾಲ್ಯದ ಸಮಾಜವಿರೋಧಿ ವರ್ತನೆ ಮತ್ತು ಬಾಲಾಪರಾಧ

ಹೊಡೆದಾಟ, ಸುಳ್ಳು, ಕಳವು, ಹಿರಿಯರಿಗೆ ತಿರುಗಿಬೀಳುವುದು ಮುಂತಾದ ನಡವಳಿಕೆ ಮಗುವಿನಲ್ಲಿ ಬಹುಕಾಲ ಬೇರೂರಿದರೆ ಮನಶ್ಶಾಸ್ತ್ರ ಅದನ್ನು ಸಮಾಜವಿರೋಧಿ ವರ್ತನೆ ಎನ್ನುತ್ತದೆ. ಅದು ಕಾನೂನನ್ನು ಮೀರಿದಾಗ ಬಾಲಾಪರಾಧವಾಗುತ್ತದೆ. ಇದನ್ನು ಹುಟ್ಟುಗುಣವೆಂದು ಕೈಬಿಡುವುದಕ್ಕಿಂತ, ಮನೆ, ಶಾಲೆ ಮತ್ತು ಗೆಳೆಯರ ನಡುವೆ ಹಂತಹಂತವಾಗಿ ನಡೆಯುವ ಕಲಿಕೆಯೆಂದು ಕಾಣುವುದೇ ಪುರಾವೆಗಳಿಗೆ ಹೆಚ್ಚು ಹೊಂದುತ್ತದೆ.

ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಸಂಗಡಿಗರು ಕುಟುಂಬಗಳ ದಿನನಿತ್ಯದ ಜಟಾಪಟಿಯನ್ನು ಮನೆಯಲ್ಲೇ ಕೂತು ದಾಖಲಿಸಿದರು. ತಾಯಿ ಒಂದು ಕೆಲಸ ಹೇಳುತ್ತಾಳೆ, ಮಗು ರಂಪ ಮಾಡುತ್ತದೆ, ಬೇಸತ್ತ ತಾಯಿ ಸುಮ್ಮನಾಗುತ್ತಾಳೆ. ಆ ಗಳಿಗೆಗೆ ಇಬ್ಬರಿಗೂ ನೆಮ್ಮದಿ; ಆದರೆ ರಂಪಕ್ಕೆ ಫಲವುಂಟೆಂದು ಮಗು ಕಲಿಯುತ್ತದೆ. ಇದೇ ಪಾಠದೊಂದಿಗೆ ಮಗು ಶಾಲೆಗೆ ಹೋದಾಗ ಓರಗೆಯವರು ಅದನ್ನು ದೂರವಿಡುತ್ತಾರೆ, ಓದು ಹಿಂದೆಬೀಳುತ್ತದೆ. ಹೀಗೆ ಹೊರಗುಳಿದವರು ಹದಿಹರೆಯದ ಹೊತ್ತಿಗೆ ತಮ್ಮಂಥವರನ್ನೇ ಹುಡುಕಿಕೊಳ್ಳುತ್ತಾರೆ. ಅಂಥ ಗೆಳೆಯರ ನಡುವೆ ನಿಯಮ ಮುರಿದ ಮಾತಿಗೆ ಸಿಗುವ ನಗುವೇ ಬಹುಮಾನವಾಗುವುದನ್ನು ಥಾಮಸ್ ಡಿಷನ್ ತೋರಿಸಿದರು.

ಸ್ವಭಾವಕ್ಕೆ ಇದರಲ್ಲಿ ಪಾತ್ರವಿಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಟೆರಿ ಮಾಫಿಟ್ 1993ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ, ಬಾಲ್ಯದಲ್ಲೇ ಶುರುವಾಗಿ ಮುಂದುವರಿಯುವ ವರ್ತನೆಯ ಹಿಂದೆ ನರಮಾನಸಿಕ ಕೊರತೆಗಳಿವೆ. ಆದರೆ ಅವು ಪ್ರತಿಕೂಲ ಪರಿಸರದೊಡನೆ ಕೂಡಿದಾಗಲೇ ದಾರಿ ಗಟ್ಟಿಯಾಗುತ್ತದೆ. ಪಾಲಕರಿಗೆ ತರಬೇತಿ ಕೊಟ್ಟಾಗ ಮಗುವಿನ ವರ್ತನೆ ಸುಧಾರಿಸುವುದೂ ಕಲಿಕೆಯ ಪಾತ್ರವನ್ನು ಪುಷ್ಟೀಕರಿಸುತ್ತದೆ. ಹದಿಹರೆಯದಲ್ಲಿ ಮಾತ್ರ ತಪ್ಪುಮಾಡಿ ಆಮೇಲೆ ಬಿಟ್ಟುಬಿಡುವವರ ಸಂಖ್ಯೆ ಬಾಲ್ಯದಿಂದಲೇ ಮುಂದುವರಿಯುವವರಿಗಿಂತ ದೊಡ್ಡದು ಎನ್ನುತ್ತಾರೆ ಮಾಫಿಟ್.

ಹಾಗಾದರೆ ಮುಂದೆ ಅಪರಾಧಿಗಳಾಗುವವರನ್ನು ಎಳವೆಯಲ್ಲೇ ಗುರುತಿಸಬಾರದೇ? 1961ರಲ್ಲಿ ದಕ್ಷಿಣ ಲಂಡನ್ನಿನ 411 ಹುಡುಗರ ಮೇಲೆ ಆರಂಭವಾದ ಅಧ್ಯಯನದಲ್ಲಿ ಸಣ್ಣದೊಂದು ಗುಂಪೇ ಸುಮಾರು ಅರ್ಧದಷ್ಟು ಅಪರಾಧಗಳಿಗೆ ಕಾರಣವಾಗಿತ್ತು. ಆದರೆ ಇದು ಹಿಂದಿರುಗಿ ನೋಡಿದಾಗ ಕಾಣುವ ಚಿತ್ರ. ಸಮಾಜವಿರೋಧಿಗಳಾದ ವಯಸ್ಕರಲ್ಲಿ ಹೆಚ್ಚಿನವರ ಬಾಲ್ಯವೂ ಹಾಗೇ ಇತ್ತಾದರೂ, ಅಂಥ ಮಕ್ಕಳಲ್ಲಿ ಹೆಚ್ಚಿನವರು ಹಾಗಾಗಲಿಲ್ಲವೆಂದು ಲೀ ರಾಬಿನ್ಸ್ 1966ರಲ್ಲೇ ತೋರಿಸಿದ್ದರು. ನೆರವೂ ಎಡವಬಹುದು: ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾದ ಕೇಂಬ್ರಿಜ್–ಸಮರ್‌ವಿಲ್ ಯೋಜನೆಯಲ್ಲಿ ನೆರವು ಪಡೆದ ಹುಡುಗರ ಬದುಕು ಹಲವು ಅಳತೆಗಳಲ್ಲಿ ಪಡೆಯದವರಿಗಿಂತ ಕೆಟ್ಟದಾಗಿತ್ತೆಂದು ಜೋನ್ ಮೆಕಾರ್ಡ್ 1978ರಲ್ಲಿ ವರದಿ ಮಾಡಿದರು; ಯೋಜನೆಯ ಮೂಲಕ ಬೇಸಿಗೆ ಶಿಬಿರಗಳಿಗೆ ಮತ್ತೆಮತ್ತೆ ಹೋದವರಲ್ಲಿ ಈ ಹಾನಿ ಎದ್ದುಕಾಣುವುದು ನಂತರದ ವಿಶ್ಲೇಷಣೆಯಲ್ಲಿ ಗೊತ್ತಾಯಿತು. ಆದ್ದರಿಂದ ಮಗುವಿಗೆ ಹಣೆಪಟ್ಟಿ ಹಚ್ಚುವುದಾಗಲಿ, ದಾರಿತಪ್ಪಿದವರನ್ನು ಒಂದೆಡೆ ಕೂಡಿಹಾಕುವುದಾಗಲಿ ಪರಿಹಾರವಲ್ಲ. ಎಳವೆಯಲ್ಲೇ ಪಾಲಕರಿಗೂ ಶಾಲೆಗೂ ಆಸರೆ ಕೊಡುವುದೇ ಹೆಚ್ಚು ಭರವಸೆಯ ದಾರಿ.