ಬಿಟ್‌ಕಾಯಿನ್‌ನ ಪುಕ್ಕಟೆ ಸಾಲು

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ಆರಂಭದ ವರ್ಷಗಳಲ್ಲಿ ಬಹಳಷ್ಟು ವಹಿವಾಟುಗಳು ಒಂದು ಕಾಸೂ ಶುಲ್ಕವಿಲ್ಲದೆ ಸಾಗುತ್ತಿದ್ದವು. ಕಳಿಸುವವರೇ ಕಡಿಮೆ, ಜಾಗ ಬೇಕಾದಷ್ಟಿತ್ತು. ಆದರೆ ಪುಕ್ಕಟೆ ಸಿಗುವ ಜಾಗವನ್ನು ಯಾರಾದರೂ ಕಸ ತುಂಬಿ ಕೆಡಿಸಬಹುದಲ್ಲ? ಈ ಅಪಾಯ ತಡೆಯಲು 2010ರಲ್ಲಿ ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಮೋಟೊ ಪ್ರತಿ ಬ್ಲಾಕಿಗೆ, ಅಂದರೆ ಒಟ್ಟಿಗೆ ದಾಖಲಾಗುವ ವಹಿವಾಟುಗಳ ಕಟ್ಟಿಗೆ, ಒಂದು ಮೆಗಾಬೈಟ್ ಮಿತಿ ಹಾಕಿದರು. ಬ್ಲಾಕ್ ಬರುವುದು ಸುಮಾರು ಹತ್ತು ನಿಮಿಷಕ್ಕೊಂದು. ಅಷ್ಟರಲ್ಲಿ ಯಾರು ಮೊದಲು?

ಆಗಿನ ತಂತ್ರಾಂಶ ಇದಕ್ಕೆ ಕೊಟ್ಟ ಉತ್ತರ ಇಂದು ಹೆಚ್ಚಿನವರಿಗೆ ಮರೆತೇಹೋಗಿದೆ. ಕಳಿಸುವ ನಾಣ್ಯ ಎಷ್ಟು ಕಾಲದಿಂದ ಕದಲದೆ ಕೂತಿದೆ ಎಂದು ಅದು ನೋಡುತ್ತಿತ್ತು. ಮೊತ್ತವನ್ನು ಆ ವಯಸ್ಸಿನಿಂದ ಗುಣಿಸಿ, ವಹಿವಾಟಿನ ಗಾತ್ರದಿಂದ ಭಾಗಿಸಿದರೆ ಸಿಗುವುದೇ ಆದ್ಯತೆಯ ಅಂಕ. 250 ಬೈಟ್‌ನ ವಹಿವಾಟಿನಲ್ಲಿ ಒಂದು ಬಿಟ್‌ಕಾಯಿನ್ 144 ಬ್ಲಾಕ್, ಅಂದರೆ ಒಂದು ದಿನ, ಸುಮ್ಮನಿದ್ದಿದ್ದರೆ ಪುಕ್ಕಟೆ ಸಾಲಿನ ಹೊಸ್ತಿಲು ದಾಟುತ್ತಿತ್ತು. ಇಂಥವರಿಗೆಂದೇ ಬ್ಲಾಕಿನಲ್ಲಿ ಒಂದಿಷ್ಟು ಜಾಗ ಮೀಸಲಿತ್ತು. ಕೆಲವು ವರ್ಷ ಅದು 50,000 ಬೈಟ್.

ಇದರ ಜಾಣ್ಮೆ ದೊಡ್ಡದು. ಕಸ ಸುರಿಯುವವನು ಅದೇ ನಾಣ್ಯವನ್ನು ಮತ್ತೆ ಮತ್ತೆ ತಿರುಗಿಸಬೇಕು. ಪ್ರತಿ ಸಲ ತಿರುಗಿಸಿದಾಗಲೂ ಅದರ ವಯಸ್ಸು ಸೊನ್ನೆಗೆ ಇಳಿಯುತ್ತದೆ. ಯಾರೂ ತೀರ್ಪು ಕೊಡದೆ ಅವನು ತಾನಾಗಿ ಹಿಂದೆ ಬೀಳುತ್ತಾನೆ. ದೊಡ್ಡ ಮೊತ್ತದವರಿಗೆ ಇಲ್ಲಿಯೂ ಅನುಕೂಲ ಹೆಚ್ಚಿತ್ತು ನಿಜ: ಹತ್ತನೇ ಒಂದು ಬಿಟ್‌ಕಾಯಿನ್ ಇದ್ದವರು ಹತ್ತು ದಿನ ಕಾಯಬೇಕು. ಆದರೆ ಕಾದರೆ ಸರದಿ ಬರುತ್ತಿತ್ತು.

ಕಸಕ್ಕೆ ಖರ್ಚು ಕಟ್ಟುವ ಯೋಚನೆ ಇನ್ನೂ ಹಳೆಯದು. 1992ರಲ್ಲಿ ಸಿಂಥಿಯಾ ಡ್ವೋರ್ಕ್ ಮತ್ತು ಮೋನಿ ನಾವೋರ್ ಬೇಡದ ಇಮೇಲ್ ತಡೆಯಲು ಪ್ರತಿ ಪತ್ರಕ್ಕೂ ಸ್ವಲ್ಪ ಲೆಕ್ಕಾಚಾರದ ದುಡಿಮೆ ವಿಧಿಸಬೇಕೆಂದರು. 1997ರಲ್ಲಿ ಆಡಮ್ ಬ್ಯಾಕ್ ಅದೇ ಜಾಡಿನಲ್ಲಿ ಹ್ಯಾಶ್‌ಕ್ಯಾಶ್ ರೂಪಿಸಿದರು.

2012ರಲ್ಲಿ ಸತೋಶಿಡೈಸ್ ಎಂಬ ಜೂಜು ಬಂತು. ಪ್ರತಿ ಪಣವೂ ಒಂದು ವಹಿವಾಟು. ಸೋತವರಿಗೆ ಸೋಲಿನ ಸುದ್ದಿ ಹೇಳಲು ಒಂದೇ ಒಂದು ಸತೋಶಿ, ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲೊಂದು ಪಾಲು, ವಾಪಸು ಬರುತ್ತಿತ್ತು. ಕೆಲಕಾಲ ಜಾಲದ ಅರ್ಧಕ್ಕೂ ಹೆಚ್ಚು ವಹಿವಾಟು ಈ ಜೂಜಿನದೇ. ಇದು ಕಸ ಎಂದರು ಕೆಲವರು; ಶುಲ್ಕ ಕೊಟ್ಟ ಮೇಲೆ ಕಸ ಹೇಗಾದೀತು ಎಂದರು ಇನ್ನು ಕೆಲವರು. 2013ರಲ್ಲಿ ಒಂದು ಮಿತಿಗಿಂತ ಸಣ್ಣ ಮೊತ್ತವನ್ನು ‘ಧೂಳು’ ಎಂದು ಕರೆದು, ತಂತ್ರಾಂಶ ಅದನ್ನು ಮುಂದಕ್ಕೆ ದಾಟಿಸುವುದನ್ನೇ ನಿಲ್ಲಿಸಿತು.

ನಿಜವಾದ ಪ್ರವಾಹ ಬಂದದ್ದು 2015ರ ಜುಲೈನಲ್ಲಿ. ಜಾಲದ ತಾಳಿಕೆ ಪರೀಕ್ಷಿಸುವ ಹೆಸರಿನಲ್ಲಿ ಸಾವಿರಾರು ಚಿಲ್ಲರೆ ವಹಿವಾಟುಗಳು ಸುರಿದವು. ಹಲವು ಮೊತ್ತಗಳು ಹೋದದ್ದು ಯಾರು ಬೇಕಾದರೂ ಊಹಿಸಬಹುದಾದ ಗುಪ್ತಪದಗಳ ವಿಳಾಸಗಳಿಗೆ. ಚೀನಾದ ಎಫ್‌2ಪೂಲ್ ಎಂಬ ಮೈನರ್‌ಗಳ (ಬ್ಲಾಕ್ ಕಟ್ಟುವವರ) ಗುಂಪು ಈ ಚಿಲ್ಲರೆಯನ್ನೆಲ್ಲ ಗುಡಿಸಿ, ಇಡೀ ಬ್ಲಾಕನ್ನು ತುಂಬುವ ಒಂದೇ ವಹಿವಾಟಾಗಿ ಕಟ್ಟಿತು. ಅದರ ಐದೂವರೆ ಸಾವಿರಕ್ಕೂ ಹೆಚ್ಚು ಸಹಿಗಳನ್ನು ಪರಿಶೀಲಿಸುವುದರಲ್ಲಿ ಆಗಿನ ಕಂಪ್ಯೂಟರುಗಳು ಏದುಸಿರು ಬಿಟ್ಟವು. ಕಸ ಗುಡಿಸುವ ಕೆಲಸವೂ ಜಾಲಕ್ಕೆ ಹೊರೆಯಾಗಬಹುದೆಂದು ತಿಳಿದದ್ದು ಆಗ.

2016ರ ಫೆಬ್ರವರಿಯಲ್ಲಿ ಬಂದ ತಂತ್ರಾಂಶದ 0.12 ಆವೃತ್ತಿ ಕಾಯುವ ವಹಿವಾಟುಗಳ ಕೊಠಡಿಗೆ 300 ಮೆಗಾಬೈಟ್ ಮಿತಿ ಹಾಕಿತು. ತುಂಬಿದರೆ ಬೈಟ್‌ಗೆ ಕಡಿಮೆ ಶುಲ್ಕ ಕೊಟ್ಟವರು ಮೊದಲು ಹೊರಕ್ಕೆ. ಅದೇ ಆವೃತ್ತಿ ಪುಕ್ಕಟೆ ಸಾಲಿನ ಮೀಸಲು ಜಾಗವನ್ನು ಸೊನ್ನೆಗಿಳಿಸಿತು. 2017ರ ಸೆಪ್ಟೆಂಬರಿನಲ್ಲಿ ಬಂದ 0.15 ಆ ನಿಯಮವನ್ನೇ ಅಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರಾಸರಿ ಶುಲ್ಕ 50 ಡಾಲರ್ ದಾಟಿತು.

ಹಣದ ಹರಾಜು ಪುಡಿಕಸವನ್ನು ತಡೆಯಿತು, ನಿಜ. ಆದರೆ 2024ರ ಏಪ್ರಿಲ್ 20ರಂದು ಇದೇ ಜಾಲದ ಮೇಲೆ ಬಂದ ‘ರೂನ್ಸ್’ ಟೋಕನ್‌ಗಳಿಗೆ ಜನ ಮುಗಿಬಿದ್ದಾಗ ಸರಾಸರಿ ಶುಲ್ಕ 100 ಡಾಲರ್ ಮೀರಿತು. ಆ ದಿನ ಮನೆಗೆ ಸಣ್ಣ ಮೊತ್ತ ಕಳಿಸಬೇಕಿದ್ದವರಿಗೂ ಅದೇ ದರ. ನಾಣ್ಯದ ವಯಸ್ಸನ್ನು ಗೌರವಿಸುವ ಸಾಲೊಂದು ಪಕ್ಕದಲ್ಲಿ ಚಿಕ್ಕದಾಗಿಯಾದರೂ ಉಳಿಯಬೇಕಿತ್ತು.