ನೀವೇ ಕಿತ್ಕೊಳ್ಳಿ: ಒಂದು ದ್ರಾಕ್ಷಿಯ ಲೆಕ್ಕಪತ್ರ

ಭಾಗ 1/6

ಈ ವಾರದ ಇತಿಹಾಸ ಸರಣಿ ಶುರುವಾಗಿದ್ದು ಒಂದು ವಿಡಿಯೊದಿಂದ. ನಮ್ಮ ದೊಡ್ಡಪ್ಪನ ಮಗಳು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ನಗರದಲ್ಲಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಅಕ್ಕ ಒಂದು ವಿಡಿಯೊ ಕಳಿಸಿದಳು. ಕೈಯಲ್ಲಿ ಬಕೆಟ್, ತಲೆ ಮೇಲೆ ಟೋಪಿ, ಎದುರಿಗೆ ತಂತಿಗೆ ಹಬ್ಬಿಸಿದ ದ್ರಾಕ್ಷಿ ಬಳ್ಳಿಯ ಸಾಲು. ಒಂದೊಂದೇ ಹಣ್ಣು ಕಿತ್ತು ಬಕೆಟ್‌ಗೆ ಹಾಕ್ತಿದ್ದಾಳೆ. ಕೊನೆಗೆ ಗೇಟ್ ಹತ್ತಿರ ತೂಕ ಮಾಡಿಸಿ ದುಡ್ಡು ಕೊಡಬೇಕಂತೆ.

ನಾನು ಕೇಳಿದೆ: "ದುಡ್ಡೂ ಕೊಟ್ಟು, ಕೂಲಿನೂ ನೀನೇ ಮಾಡ್ತೀಯಾ?"

ಅಕ್ಕ ನಕ್ಕಳು. ಆದ್ರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಬಿಕಾಂ ಓದೋರ ಕಷ್ಟ ನಿಮಗೆ ಗೊತ್ತಲ್ಲ, ಏನು ನೋಡಿದ್ರೂ ಡೆಬಿಟ್ ಎಲ್ಲಿ, ಕ್ರೆಡಿಟ್ ಎಲ್ಲಿ ಅಂತ ಹುಡುಕ್ತೀವಿ. ಇಲ್ಲೂ ಹುಡುಕಿದೆ. ಸಿಕ್ಕಿದ್ದನ್ನು ಆರು ಭಾಗದಲ್ಲಿ ಹೇಳ್ತೀನಿ.

ಭಾಗ 2/6: ಗೊಂಚಲಿಲ್ಲದ ದ್ರಾಕ್ಷಿ

ಆ ಹಣ್ಣಿನ ಹೆಸರು ಮಸ್ಕಡೈನ್. ಅಮೆರಿಕದ ಆಗ್ನೇಯ ಭಾಗದ ಕಾಡುಗಳಲ್ಲಿ ತಾನಾಗಿಯೇ ಬೆಳೆಯುವ ದ್ರಾಕ್ಷಿ ಇದು. ನಾವು ಅಂಗಡಿಯಲ್ಲಿ ನೋಡುವ ದೊಡ್ಡ ಗೊಂಚಲು ಇದರಲ್ಲಿ ಇರಲ್ಲ. ಗುಂಪಿಗೆ ಕೆಲವೇ ಹಣ್ಣು, ಅವೂ ಒಟ್ಟಿಗೆ ಹಣ್ಣಾಗಲ್ಲ. ಇವತ್ತು ಎರಡು, ನಾಳಿದ್ದು ಮೂರು. ಆಗಸ್ಟ್‌ನಿಂದ ಅಕ್ಟೋಬರ್ ಶುರುವಿನ ತನಕ ಹೀಗೇ. ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವ ವಿಧಾನ ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಹಾಗೇ ಒತ್ತಿದರೆ ತಿರುಳು ಬಾಯೊಳಗೆ ಜಾರುತ್ತೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತೆ.

ಅಲ್ಲಿನ ಮೂಲನಿವಾಸಿಗಳು ಈ ಹಣ್ಣನ್ನು ಯಾವಾಗಿನಿಂದಲೋ ತಿಂತಾ ಇದ್ದರು. ಯೂರೋಪಿನವರ ಬರಹದಲ್ಲಿ ಬರೋದು ಆಮೇಲೆ. 1524 ರಲ್ಲಿ ಇಟಲಿಯ ನಾವಿಕ ವೆರಾಜಾನೊ ಈ ಕರಾವಳಿಯಲ್ಲಿ ಕಾಡುಬಳ್ಳಿಗಳನ್ನು ಕಂಡ. 1584 ರಲ್ಲಿ ಇಂಗ್ಲೆಂಡಿನ ವಾಲ್ಟರ್ ರಾಲಿ ಕಳಿಸಿದ ಎರಡು ಹಡಗುಗಳು ಬಂದವು. ಅದರಲ್ಲಿದ್ದ ಆರ್ಥರ್ ಬಾರ್ಲೊ ಬರೆದ ವರದಿಯಲ್ಲಿ ಸಮುದ್ರದ ಅಲೆ ಬಂದು ತೊಳೆಯುವಷ್ಟು ಹತ್ತಿರದವರೆಗೂ ದ್ರಾಕ್ಷಿಯೇ ಇದ್ದ ವರ್ಣನೆ ಇದೆ. ಅಕ್ಕ ಇರುವ ಊರಿಗೆ ಹೆಸರು ಬಂದಿದ್ದು ಇದೇ ವಾಲ್ಟರ್ ರಾಲಿಯಿಂದ!

ಆ ಹಡಗುಗಳು ಮುಟ್ಟಿದ ರೋನೋಕ್ ದ್ವೀಪದಲ್ಲಿ ಇವತ್ತಿಗೂ ಒಂದು ಮಸ್ಕಡೈನ್ ಬಳ್ಳಿ ಇದೆ. ಜನ ಅದನ್ನು 'ತಾಯಿಬಳ್ಳಿ' ಅಂತಾರೆ, ವಯಸ್ಸು ಸುಮಾರು 400 ವರ್ಷ ಅಂತ ನಂಬ್ತಾರೆ. ನಮ್ಮ ಕಡೆಯ ಹಾಗೆ ಚಪ್ಪರದ ಮೇಲೆ ಹರಡಿದೆ. 2010 ರಲ್ಲಿ ವಿದ್ಯುತ್ ಕಂಬದ ಸುತ್ತ ಹೊಡೆದ ಕಳೆನಾಶಕ ತಾಗಿ ಅದರ ಒಂದು ಭಾಗ ಒಣಗಿತು. ಒಣಗಿದ್ದನ್ನು ಕತ್ತರಿಸಿ ಆರೈಕೆ ಮಾಡಿದ ಮೇಲೆ ಮತ್ತೆ ಚಿಗುರಿತು.

ಭಾಗ 3/6: ಬೆಲೆ ಬಿದ್ದ ದಿನಗಳು

ಹಣ್ಣು ಒಟ್ಟಿಗೆ ಮಾಗದಿದ್ರೆ ಏನಾಗುತ್ತೆ, ಯೋಚಿಸಿ. ಒಂದೇ ತೋಟಕ್ಕೆ ಕೂಲಿಯವರು ಮತ್ತೆ ಮತ್ತೆ ಬರಬೇಕು. ಕಿತ್ತ ಹಣ್ಣು ಬಹಳ ದಿನ ಇಡಕ್ಕಾಗಲ್ಲ. ದೂರದ ಮಾರುಕಟ್ಟೆಗೆ ಇದು ಒಗ್ಗದ ಹಣ್ಣು. ಹಾಗಾಗಿ ಬಹುಕಾಲ ಇದಕ್ಕಿದ್ದ ದೊಡ್ಡ ಗಿರಾಕಿ ಅಂದ್ರೆ ವೈನ್ ತಯಾರಕರು.

ಪಾಲ್ ಗ್ಯಾರೆಟ್ ಎಂಬ ವ್ಯಾಪಾರಿ ಸ್ಕಪರ್ನಾಂಗ್ ಎಂಬ ಕಂಚುಬಣ್ಣದ ಮಸ್ಕಡೈನ್‌ನಿಂದ 'ವರ್ಜಿನಿಯಾ ಡೇರ್' ವೈನ್ ಮಾಡಿ ದೇಶವೆಲ್ಲ ಮಾರಿದ. 1587 ರಲ್ಲಿ ರೋನೋಕ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಮಗುವಿನ ಹೆಸರು ಅದು. ಆಮೇಲೆ ಏನಾಯ್ತು? 1908 ರಲ್ಲಿ ನಾರ್ತ್ ಕೆರೊಲಿನಾದ ಮತದಾರರು ರಾಜ್ಯದಲ್ಲಿ ಮದ್ಯನಿಷೇಧಕ್ಕೆ ವೋಟ್ ಹಾಕಿದರು. 1920 ರಿಂದ 1933 ರವರೆಗೆ ಇಡೀ ದೇಶದಲ್ಲೇ ನಿಷೇಧ. ದ್ರಾಕ್ಷಿ ಬೆಳೆದವನ ಗಿರಾಕಿ ಕಾನೂನಿನಿಂದಲೇ ಮಾಯ.

1970 ರ ದಶಕದಲ್ಲಿ ಇನ್ನೊಂದು ಪೆಟ್ಟು. ವೈನ್ ಕಂಪನಿ ಒಳ್ಳೆ ರೇಟ್ ಕೊಡುತ್ತೆ ಅಂತ ನಂಬಿ ರೈತರು ಮಸ್ಕಡೈನ್ ನೆಟ್ಟರು. ಬಳ್ಳಿ ಫಸಲಿಗೆ ಬರೋಕೆ ಮೂರ್ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ರೇಟ್ ಇಳಿದುಹೋಯ್ತು. ರೋಸ್ ಹಿಲ್ ಊರಿನ ಇಬ್ಬರು ಅಣ್ಣತಮ್ಮಂದಿರು ತಾವೇ ವೈನ್ ಮಾಡೋಣ ಅಂತ ಹೊರಟರು. ಅದು ಇವತ್ತಿನ ಡುಪ್ಲಿನ್ ವೈನರಿ. ಎಲ್ಲರಿಗೂ ವೈನರಿ ಕಟ್ಟೋಕೆ ಆಗುತ್ತಾ? ಇಲ್ಲ. ಉಳಿದವರಿಗಿದ್ದ ಒಂದು ದಾರಿ ಗೇಟ್ ತೆಗೆಯೋದು, ಬೋರ್ಡ್ ಹಾಕೋದು: ನೀವೇ ಕಿತ್ಕೊಳ್ಳಿ.

ಈ ಪದ್ಧತಿ ಅಮೆರಿಕದಲ್ಲಿ ಅದಕ್ಕಿಂತ ಹಳೆಯದು. 1930 ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಮತ್ತು ಎರಡನೇ ಮಹಾಯುದ್ಧದ ನಂತರ ಬೆಲೆ ಎಷ್ಟು ಬಿದ್ದಿತ್ತೆಂದರೆ, ಕೆಲವರಿಗೆ ಕೀಳುವ ಕೂಲಿ, ಪೆಟ್ಟಿಗೆಯ ಖರ್ಚು ಕೂಡ ಹುಟ್ಟುತ್ತಿರಲಿಲ್ಲ. ಆಗ ತೋಟಕ್ಕೇ ಜನರನ್ನು ಕರೆದರು.

ಭಾಗ 4/6: ಬುಕರ್ ವಾಟ್ಲಿ ಮೇಷ್ಟ್ರು

ಈ ಸರಣಿಯಲ್ಲಿ ಒಂದೇ ಹೆಸರು ನೆನಪಿಡೋದಾದ್ರೆ ಇದನ್ನು ಇಟ್ಕೊಳ್ಳಿ: ಬುಕರ್ ಟಿ. ವಾಟ್ಲಿ. 1915 ರಲ್ಲಿ ಅಲಬಾಮಾ ರಾಜ್ಯದ ಕಪ್ಪು ರೈತ ಕುಟುಂಬದಲ್ಲಿ ಹುಟ್ಟಿದವರು. ತೋಟಗಾರಿಕೆಯಲ್ಲಿ ಡಾಕ್ಟರೇಟ್ ಪಡೆದು ಟಸ್ಕೀಗೀ ವಿದ್ಯಾಸಂಸ್ಥೆಯಲ್ಲಿ ಪಾಠ ಮಾಡಿದರು. ಸಿಹಿಗೆಣಸು ಮತ್ತು ಮಸ್ಕಡೈನ್ ತಳಿಗಳ ಮೇಲೆ ಕೆಲಸ ಮಾಡಿದರು.

ಅವರ ಕಣ್ಣೆದುರು ನಡೀತಿದ್ದದ್ದು ಏನು ಗೊತ್ತಾ? 1920 ರಲ್ಲಿ ಅಮೆರಿಕದಲ್ಲಿ ಕಪ್ಪು ಕೃಷಿಕರು ಸುಮಾರು 9,25,000. 1992 ರ ಹೊತ್ತಿಗೆ 19,000 ಕ್ಕಿಂತ ಕಡಿಮೆ. ಸಾಲ ಕೊಡುವಲ್ಲಿ ಸರ್ಕಾರಿ ಕೃಷಿ ಇಲಾಖೆ ತಾರತಮ್ಯ ಮಾಡಿತು ಅಂತ ರೈತರು ಕೋರ್ಟಿಗೆ ಹೋಗಿದ್ದರು. ಪಿಗ್‌ಫರ್ಡ್ ಮೊಕದ್ದಮೆ ಎಂದು ಹೆಸರಾದ ಅದರಲ್ಲಿ 1999 ರಲ್ಲಿ ರಾಜಿ ಒಪ್ಪಂದವಾಯಿತು.

ಸಣ್ಣ ಹಿಡುವಳಿಯವರು ಭೂಮಿ ಬಿಡದೆ ಬದುಕೋದು ಹೇಗೆ? ಇದೇ ವಾಟ್ಲಿಯವರ ಪ್ರಶ್ನೆ. 1987 ರಲ್ಲಿ ಬಂದ ಅವರ ಕೈಪಿಡಿ 25 ಎಕರೆಯಲ್ಲಿ ವರ್ಷಕ್ಕೆ 1,00,000 ಡಾಲರ್ ದುಡಿಯೋ ದಾರಿ ಬಗ್ಗೆ. ಅದರ ಸೂತ್ರಗಳಲ್ಲಿ ಕೆಲವು: ವರ್ಷವಿಡೀ ದಿನದಿನ ಕೈಗೆ ಕಾಸು ಬರಬೇಕು. ಗಿರಾಕಿಯೇ ಬಂದು ಕಿತ್ತುಕೊಳ್ಳುವ ತೋಟ ಆಗಬೇಕು. 50,000 ಜನರಿರುವ ಊರಿಂದ 40 ಮೈಲಿ ಒಳಗೆ, ಗಟ್ಟಿ ರಸ್ತೆ ಪಕ್ಕ ಇರಬೇಕು. ದಲ್ಲಾಳಿಯಿಂದ ಪ್ಲೇಗ್‌ನಿಂದ ದೂರ ಇದ್ದ ಹಾಗೆ ದೂರ ಇರಬೇಕು. ವಿಮೆ ಇರಲೇಬೇಕು.

ಇನ್ನೊಂದು ಮುಖ್ಯ ಸೂತ್ರ ಗಿರಾಕಿಗಳ ಸದಸ್ಯತ್ವ ಕ್ಲಬ್. ಊರಿನ ಮನೆಗಳವರು ವರ್ಷಕ್ಕೆ ಶುಲ್ಕ ಕಟ್ಟಿ ಸೇರ್ತಾರೆ, ಅಂಗಡಿಗಿಂತ ಕಡಿಮೆ ಬೆಲೆಗೆ ತಾವೇ ಕಿತ್ಕೊಂಡು ಹೋಗ್ತಾರೆ. ಯಾರಿಗೆ ಎಷ್ಟು ಬೇಕು ಅನ್ನೋದು ನೆಡುವ ಮುಂಚೆಯೇ ರೈತನಿಗೆ ಗೊತ್ತಿರುತ್ತೆ.

ಭಾಗ 5/6: ಈಗ ನಮ್ಮ ಸಬ್ಜೆಕ್ಟ್

ಕ್ಲಾಸ್‌ಮೇಟ್ಸ್, ಇದನ್ನು ಜರ್ನಲ್ ಎಂಟ್ರಿ ಮಾಡಿ ನೋಡಿ. ಆ ಸದಸ್ಯತ್ವ ಶುಲ್ಕ ಮುಂಗಡವಾಗಿ ಬಂದ ಆದಾಯ. ಹಣ್ಣು ಕೊಡುವವರೆಗೂ ಅದು ರೈತನ ಪುಸ್ತಕದಲ್ಲಿ ಹೊಣೆ. ಆದ್ರೂ ಬೆಳೆ ಇಡೋಕೆ ಸಾಲ ಹುಡುಕಬೇಕಾಗಿದ್ದವನ ಕೈಗೆ ಬಡ್ಡಿ ಇಲ್ಲದ ದುಡ್ಡು ಸಿಕ್ಕಿತು. ಬ್ಯಾಂಕ್ ಬಾಗಿಲು ಹಾಕಿದ್ರೆ ಇದರ ಬೆಲೆ ಗೊತ್ತಾಗುತ್ತೆ.

ಖರ್ಚಿನ ಕಡೆ ನೋಡಿ. ಕೀಳುವ ಕೂಲಿ, ಪೆಟ್ಟಿಗೆ, ಲಾರಿ ಬಾಡಿಗೆ, ಕಮಿಷನ್, ಈ ನಾಲ್ಕೂ ಮಾಯ ಆಗಲಿಲ್ಲ. ಗಿರಾಕಿಯ ಬೆನ್ನಿಗೆ, ಕಾರಿಗೆ ಹೋದವು. ಒಂದೊಂದೇ ಮಾಗುವ ಮಸ್ಕಡೈನ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಶನಿವಾರ ಬಂದವರು ಹಣ್ಣಾದದ್ದನ್ನು ಕೀಳ್ತಾರೆ, ಮುಂದಿನ ಶನಿವಾರ ಬಂದವರಿಗೆ ಉಳಿದದ್ದು ಮಾಗಿರುತ್ತೆ.

ನಷ್ಟವೂ ಇದೆ. ಶನಿವಾರ ಮಳೆ ಬಂದ್ರೆ ಆ ವಾರದ ವ್ಯಾಪಾರ ನೆಲಕ್ಕೆ. ಮಕ್ಕಳು ಕಾಯಿ ಕೀಳ್ತಾರೆ. ಯಾರೋ ಎಡವಿ ಬಿದ್ರೆ ಕೇಸ್. ದೊಡ್ಡ ಊರಿಂದ ದೂರ ಇರೋ ರೈತನಿಗೆ ಈ ದಾರಿ ಇಲ್ಲವೇ ಇಲ್ಲ. ಕೂಲಿಯವರ ಕಡೆಯಿಂದ ನೋಡಿದ್ರೆ, ಅಕ್ಕನ ಬಕೆಟ್ ತುಂಬಿದಷ್ಟು ಅವರ ಕೆಲಸ ಕಡಿಮೆ ಆಯ್ತು.

ಭಾಗ 6/6: ದೊಡ್ಡಪ್ಪನ ಎರಡು ಪ್ರಶ್ನೆ

ಇಷ್ಟೆಲ್ಲ ಯಾಕೆ ಹುಡುಕಿದೆ ಅಂದ್ರೆ, ನಮ್ಮ ದೊಡ್ಡಪ್ಪ ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ ಬೆಳೀತಿದ್ದರು. 2013 ರಲ್ಲಿ ಜಿಐ ಟ್ಯಾಗ್ ಸಿಕ್ಕ ದ್ರಾಕ್ಷಿ ಅದು. ಅದರ ವಂಶದಲ್ಲೂ ಅಮೆರಿಕದ ಕಾಡುದ್ರಾಕ್ಷಿ ಇದೆ, ಆದರೆ ಮಸ್ಕಡೈನ್ ಅಲ್ಲ, ಲಬ್ರುಸ್ಕಾ ಎಂಬ ಇನ್ನೊಂದು ಜಾತಿ.

2020 ರ ಲಾಕ್‌ಡೌನ್. ಹಣ್ಣು ಚಪ್ಪರದಲ್ಲಿ, ಮಂಡಿಯವರು ಫೋನ್ ಎತ್ತಲ್ಲ. ನಾನಾಗ ಸ್ಕೂಲು. ಅಪ್ಪ, ದೊಡ್ಡಪ್ಪ, ನಾನು ತೋಟದ ಗೇಟಿಗೆ ತಕ್ಕಡಿ ತಂದಿಟ್ಟೆವು. ಅಕ್ಕಪಕ್ಕದ ಊರಿನವರು ಬಂದರು, ಕೆಲವರು ತಾವೇ ಚಪ್ಪರದ ಕೆಳಗೆ ಹೋಗಿ ಕಿತ್ತುಕೊಂಡರು. ಎಷ್ಟೋ ಹಣ್ಣು ಬಳ್ಳಿಯಲ್ಲೇ ಕೊಳೆಯಿತು. ಆದ್ರೆ ಅವತ್ತು ಕೊಂಡವರು ಕೊಟ್ಟ ದುಡ್ಡು ಪೂರ್ತಿ ದೊಡ್ಡಪ್ಪನ ಜೇಬಿಗೇ ಬಂತು, ಕಮಿಷನ್ ಕಳೆಯದೆ. ಮರುವರ್ಷ ಸಾಲಕ್ಕೆ ಹೆದರಿ ಬಳ್ಳಿ ಕಿತ್ತರು. ಕಲ್ಲುಕಂಬಗಳು ಮಾತ್ರ ಹಾಗೇ ನಿಂತಿವೆ.

ಅಕ್ಕ ಅದೇ ವಿಡಿಯೊವನ್ನು ದೊಡ್ಡಪ್ಪನಿಗೂ ಕಳಿಸಿದ್ದಳು. ಚೆನ್ನಾಗಿದೆ ಅಂತ ಹೇಳಲಿಲ್ಲ. ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದರು. "ಕೆಜಿಗೆ ಎಷ್ಟು ಬೀಳುತ್ತೆ ಮಗಾ?" ಅಕ್ಕ ಪೌಂಡನ್ನು ಕೆಜಿಗೆ, ಡಾಲರನ್ನು ರೂಪಾಯಿಗೆ ತಿರುಗಿಸಿ ಹೇಳಿದಳು. ಒಂದು ಗಳಿಗೆ ಸುಮ್ಮನಿದ್ದು, "ಅಷ್ಟೂ ಬೆಳೆದೋನಿಗೇ ಸಿಗುತ್ತಾ?" ಅಂದರು.

"ಹೌದು ಅಪ್ಪಾ, ಗೇಟಲ್ಲಿ ಅವರೇ ಕೂತಿರ್ತಾರೆ."

ನಮ್ಮ ತೋಟದಿಂದ ಬೆಂಗಳೂರಿಗೆ 60 ಕಿಲೋಮೀಟರ್ ಹತ್ತಿರ. ವಾಟ್ಲಿಯವರ 40 ಮೈಲಿ ಅಂದ್ರೆ 64. ಈ ಲೆಕ್ಕವನ್ನು ದೊಡ್ಡಪ್ಪನಿಗೆ ಹೇಳಿದ್ದೀನಿ. ಇನ್ನೂ ಉತ್ತರ ಬಂದಿಲ್ಲ. ಆದ್ರೆ ಹೋದ ಭಾನುವಾರ ಫೋನ್ ಮಾಡಿದಾಗ ಕಂಬಗಳ ಸುತ್ತ ಕಳೆ ತೆಗೆಸ್ತಾ ಇದ್ದರು.

ನಿಮ್ಮ ಮನೆಯಲ್ಲೂ ಗೇಟಲ್ಲಿ ಕೂತು ಮಾರಿದವರು ಇದ್ರೆ, ಅವರನ್ನು ಕೇಳಿ ಕಾಮೆಂಟ್‌ನಲ್ಲಿ ಬರೀರಿ: ಮಂಡಿಯಲ್ಲಿ ಎಷ್ಟು ಸಿಕ್ಕಿತ್ತು, ಗೇಟಲ್ಲಿ ಎಷ್ಟು?